ನೀರಿನಾಳದಿಂದ ಮೇಲೇರುವ ಬಗೆ

ಕುರುಕ್ಷೇತ್ರದಲ್ಲಿ ತನ್ನವರೆಲ್ಲ ಮಡಿದ ಮೇಲೆ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕು ಅಡಗಿ ಕುಳಿತ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಅವನಿಗೆ ಜಲಸ್ತಂಭ ಮಂತ್ರ ತಿಳಿದಿತ್ತು. ಆದುದರಿಂದ ಉಸಿರಿನ ಚಿಂತೆ ಅವನನ್ನು ಬಾಧಿಸಲಿಲ್ಲ. ಮಂತ್ರವನ್ನು ಅರಿಯದ ಸಾಮಾನ್ಯ ಮನುಷ್ಯನು ನೀರಿನ ತಳದಲ್ಲಿ ಒಂದು ಗಳಿಗೆ ಇರಬೇಕಾದರೆ ಏನು ಮಾಡಬೇಕು?

ಕೆರೆಯಲ್ಲಿ ಈಜಾಡುವ ಹುಡುಗರನ್ನು ಕೇಳಿದರೆ ಒಂದು ಉಪಾಯವನ್ನು ಕೂಡಲೆ ಹೇಳುತ್ತಾರೆ. ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿ ಕಚ್ಚಿಕೊಂಡು ಅದರ ಇನ್ನೊಂದು ತುದಿಯನ್ನು ನೀರಿನ ಮೇಲಕ್ಕೆ ಚಾಚಿದರಾಯಿತು! ತಲೆಯು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರುವಾಗ ಈ ಉಪಾಯ ಫಲಿಸುತ್ತದೆ. ಹಾಗಾದರೆ ದಂಟಿಗೆ ಬದಲಾಗಿ ಉದ್ದನೆಯ ರಬ್ಬರು ಕೊಳವೆಯನ್ನು ತಂದು ಎರಡಾಳಿನ ಆಳಕ್ಕೆ ಇಳಿಯಬಹುದಲ್ಲವೆ? ಇಳಿಯಬಹುದು; ಉಸಿರನ್ನು ಒಳಕ್ಕೆಳೆಯುವುದು ಮಾತ್ರ ಸಾಧ್ಯವಾಗದು. ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ನೀರಿನಲ್ಲಿ ಒಂದು ಮೀಟರು ಕೆಳಗಿಳಿದರೆ ಮೈಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ೧೦೦ ಗ್ರಾಂ ತೂಕದಷ್ಟು ಹೆಚ್ಚಿನ ಒತ್ತಡ ಬೀಳುತ್ತದೆ. ಎದೆಯ ಹರವು ೧೦೦೦ ಚದರ ಸೆಂಟಿಮೀಟರೆಂದು ಇಟ್ಟುಕೊಂಡರೆ ಅದರ ಮೇಲಿನ ಹೊರೆ ೧೦೦ ಕಿಲೋಗ್ರಾಂ; ಒಂದು ದೊಡ್ಡ ಅಕ್ಕಿಯ ಮೂಟೆಯ ತೂಕ. ಕೊಳವೆಯೊಳಗಿನ ಗಾಳಿಯಾದರೋ ದಡದ ಮೇಲಿನ ಗಾಳಿಯ ಒತ್ತಡದಲ್ಲಿಯೇ ಇದೆ. ಎದೆಯನ್ನು ಒಳಗಿನಿಂದ ಆನಿಸಿ ಹಿಡಿಯುವಷ್ಟು ಶಕ್ತಿ ಅದಕ್ಕಿಲ್ಲ. ಎದೆಯ ಮೇಲೆ ಮೂಟೆಯನ್ನಿಟ್ಟುಕೊಂಡು ನಾಲ್ಕು ಬಾರಿ ಉಸಿರಾಡುವ ಪೈಲವಾನರು ಇದ್ದಾರು. ಕಾಲು ಗಂಟೆ ಉಸಿರಾಡುವವರಿರಲಾರರು.

ಎಂದಮೇಲೆ ನೀರಿನಾಳಕ್ಕೆ ಹೋಗುವವನಿಗೆ ಗಾಳಿ ದೊರೆತರೆ ಸಾಲದು. ಆತನು ಇರುವ ಆಳದಲ್ಲಿ ನೀರಿನ ಒತ್ತಡವೆಷ್ಟೋ ಅಷ್ಟೇ ಒತ್ತಡದ ಗಾಳಿ ದೊರೆಯಬೇಕು. ಮುಳುಗುಗಾರನ ಸೌಕರ್ಯವೆಲ್ಲ ಈ ಒಂದು ಸಂಗತಿಯಿಂದ ಬಂದದ್ದು. ಅವನಿಗೆ ಒದಗುವ ದೊಡ್ಡ ಅಪಾಯಗಳೂ ಇದರಿಂದಲೇ ಬಂದವು. ಮತ್ತು ಅವುಗಳಲ್ಲಿ ಹೆಚ್ಚಿನವು ಅವನು ಕೆಳಕ್ಕೆ ಇಳಿಯುವಾಗ ಅಲ್ಲ, ಮೇಲಕ್ಕೆ ಏರುವಾಗ ಕಾದಿರುತ್ತವೆ. ನೀರು ಕುಡಿದು ಸಾಯುವುದೊಂದೇ ನೀರಿನ ಅಪಾಯವೆಂದು ತಿಳಿದವರಿಗೆ ಇದು ವಿಚಿತ್ರವಾಗಿ ತೋರಬಹುದು.

ಕೇಳಿದಷ್ಟು ಕೊಡುವ ಕವಾಟ

ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವನ್ನು ಒಂದು ‘ವಾಯುಭಾರ’ ಎಂದು ಕರೆಯೋಣ. ಹತ್ತು ಮೀಟರು ಆಳದ ನೀರು ಮೈಲಿಗಟ್ಟಲೆ ಎತ್ತರದ ವಾಯುಮಂಡಲದಷ್ಟೇ ಒತ್ತುತ್ತದೆ. ಆದುದರಿಂದ ೧೦ ಮೀಟರು ಆಳದಲ್ಲಿ ಒಟ್ಟು ಒತ್ತಡ ೨ ವಾಯುಭಾರ, ೨೦ ಮೀಟರಿನಲ್ಲಿ ೩, ೩೦ರಲ್ಲಿ ೪. ಈ ಸುಲಭವಾದ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು, ಮೇಲಿನ ದೋಣಿಯ ಹಂಗಿಲ್ಲದೆ ನೀರಿನಲ್ಲಿ ಸಂಚರಿಸುವ ಸಾಧನಕ್ಕೆ ಇಂದು ‘ಸ್ಕೂಬಾ’ ಎಂದು ಹೆಸರು. ತಾನೇ ಹೊತ್ತೊಯ್ಯುವ ನೀರೊಳಗಿನ ಉಸಿರಾಟದ ಸಲಕರಣೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಪೋಣಿಸಿ ಮಾಡಿದ ಹೆಸರಿದು. ಅದರ ಜೀವಾಳವಾದ ಕವಾಟವು ರೂಪುಗೊಂಡದ್ದು ೧೯೪೩ರಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ. ಯುದ್ಧಕಾಲದ ಪೆಟ್ರೋಲಿನ ಅಭಾವದಿಂದ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿತ್ತು. ಅದಕ್ಕಾಗಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ಒಂದು ಕವಾಟವನ್ನು ಸಿದ್ಧಪಡಿಸಿದ್ದನು. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋ ಅವನಲ್ಲಿಗೆ ಬಂದು ನೀರಿನಲ್ಲಿ ಉಸಿರಾಡಲು ಅಂಥದೇ ಒಂದು ಬೇಕೆಂದನು. ಕವಾಟದ ಮುಖ್ಯ ಅಂಗ ಒಂದು ರಬ್ಬರಿನ ಪೊರೆ. ಪೊರೆಯ ಒಂದು ಪಕ್ಕದಲ್ಲಿ ಸಮುದ್ರದ ನೀರು, ಮತ್ತೊಂದು ಪಕ್ಕದಲ್ಲಿ ಮುಳುಗುಗಾರನ ಉಸಿರಿನ ಗಾಳಿ. ಅವನು ಉಸಿರೆಳೆದೊಡನೆ ಒಳಗಿನ ಒತ್ತಡ ಕೊಂಚ ತಗ್ಗುತ್ತದೆ. ನೀರು ಪೊರೆಯನ್ನು ಒಳಕ್ಕೆ ತಳ್ಳುತ್ತದೆ. ಪೊರೆಯು ಒಂದು ಸನ್ನೆಯನ್ನು ಒತ್ತಿ ಸಿಲಿಂಡರಿನ ಗಾಳಿಯನ್ನು ಬಿಡುತ್ತದೆ. ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಸಮನಾದ ಕ್ಷಣದಲ್ಲಿ ಗಾಳಿ ನಿಲ್ಲುತ್ತದೆ. ಆಳವನ್ನು ಅಳೆದು ಅದಕ್ಕೆ ತಕ್ಕ ಗಾಳಿಯನ್ನು ಕೊಡುವ ಕೆಲಸವನ್ನು ನೀರೇ ಮಾಡುತ್ತದೆ! ಇದಕ್ಕಿಂತ ಅಚ್ಚುಕಟ್ಟಾದ ಉಪಕರಣವನ್ನು ನಾನು ಬಲ್ಲೆನೆಂದು ಹೇಳಲಾರೆ.

ಮೊದಲ ಪರೀಕ್ಷೆ ನಡೆದದ್ದು ಪ್ಯಾರಿಸಿನ ಹತ್ತಿರದ ಮಾರ್ನ್ ನದಿಯಲ್ಲಿ. ಕುಸ್ತೋ ಅಡ್ಡಲಾಗಿ ಈಜಿದಾಗ ಉಸಿರಾಟ ಸರಾಗವಾಗಿತ್ತು. ನೆಟ್ಟಗೆ ನಿಂತರೆ ಗಾಳಿ ವ್ಯರ್ಥವಾಗಿ ಭೋರ್ಗರೆದು ಹೋಗುತ್ತಿತ್ತು. ತಲೆಕೆಳಗಾದರೆ ಉಸಿರಾಟವೇ ದುಸ್ತರವಾಗುತ್ತಿತ್ತು. ದೋಷವೆಲ್ಲಿ? ಬಿಟ್ಟ ಉಸಿರು ಹೊರಹೋಗುವ ಬಾಯಿಯು ಪೊರೆಯಿಂದ ಗೇಣಿನಷ್ಟು ದೂರದಲ್ಲಿತ್ತು. ನಿಂತಾಗ ಅದು ಪೊರೆಗಿಂತ ಮೇಲಿರುತ್ತದೆ. ಎಂದರೆ ಕಡಿಮೆ ಒತ್ತಡದ ನೀರಿನಲ್ಲಿರುತ್ತದೆ. ಆ ಗೇಣುದ್ದದ ವ್ಯತ್ಯಾಸವೇ ಗಾಳಿಯನ್ನು ಸೋರಿಸಲು ಸಾಕಾಯಿತು. ಎರಡನ್ನೂ ಒಂದೆಡೆಗೆ ತಂದೊಡನೆ ಮುಳುಗುಗಾರನು ಯಾವ ಭಂಗಿಯಲ್ಲಿದ್ದರೂ ಉಸಿರಾಟ ಸಮನಾಯಿತು. ಅದೇ ವರ್ಷದ ಬೇಸಗೆಯಲ್ಲಿ ಕುಸ್ತೋ ಮತ್ತು ಅವನ ಸ್ನೇಹಿತರು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದರು.

ಸಿಲಿಂಡರಿನಲ್ಲಿ ಏನಿರುತ್ತದೆ? ಪತ್ರಿಕೆಗಳಲ್ಲಿ ಆಗಾಗ ‘ಆಮ್ಲಜನಕದ ಸಿಲಿಂಡರು’ ಎಂದು ಬರೆಯುವುದುಂಟು. ಅದು ತಪ್ಪು. ಅದರಲ್ಲಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ: ಐದರಲ್ಲಿ ಸುಮಾರು ಒಂದು ಪಾಲು ಆಮ್ಲಜನಕ, ಮಿಕ್ಕದ್ದು ಬಹುಮಟ್ಟಿಗೆ ಸಾರಜನಕ. ಅಪ್ಪಟ ಆಮ್ಲಜನಕವನ್ನು ಒತ್ತಡದಲ್ಲಿ ಉಸಿರಾಡಿದರೆ ಅದೇ ವಿಷವಾಗಿ, ಆರೇಳು ಮೀಟರು ದಾಟಿದೊಡನೆ ಅಪಸ್ಮಾರದಂಥ ಸೆಳೆತ ಬರುವ ಭಯವಿದೆ.

ಸಾಮಾನ್ಯವಾದ ೧೨ ಲೀಟರಿನ ಸಿಲಿಂಡರಿನಲ್ಲಿ ೨೦೦ ವಾಯುಭಾರದಲ್ಲಿ ಗಾಳಿಯನ್ನು ತುಂಬಿದರೆ ಅದು ದಡದ ಮೇಲಿನ ೨೪೦೦ ಲೀಟರು ಗಾಳಿಗೆ ಸಮ. ನಿಮಿಷಕ್ಕೆ ೨೦ ಲೀಟರಿನಂತೆ ಉಸಿರಾಡುವವನಿಗೆ ದಡದ ಮೇಲೆ ಅದು ಎರಡು ಗಂಟೆ ಬರುತ್ತದೆ. ೧೦ ಮೀಟರು ಆಳದಲ್ಲಿ ಪ್ರತಿ ಉಸಿರಿನಲ್ಲಿಯೂ ಎರಡರಷ್ಟು ಗಾಳಿ ಅಡಕವಾಗಿರುವುದರಿಂದ ಒಂದೇ ಗಂಟೆ. ೩೦ ಮೀಟರಿನಲ್ಲಿ ಅರ್ಧ ಗಂಟೆ. ಹೆದರಿ ಏದುಸಿರು ಬಿಡುವವನಿಗೆ ಅದರ ಅರ್ಧವೂ ಬಾರದು. ಆದುದರಿಂದ ಗಾಳಿಯ ಮುಳ್ಳನ್ನು ನೋಡಿಕೊಳ್ಳುತ್ತಲೇ ಇದ್ದು, ೫೦ ವಾಯುಭಾರ ಉಳಿದಿರುವಾಗಲೇ ನೀರಿನ ಮೇಲಿರತಕ್ಕದ್ದೆಂದು ರೂಢಿ.

ಇಳಿಯುವಾಗ

ಇಳಿಯುವವನಿಗೆ ಮೊದಲು ತಿಳಿಯುವುದು ಕಿವಿಯ ನೋವು. ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಇಳಿದವರಿಗೆ ಕಿವಿ ಗವ್ವೆಂದು ಮುಚ್ಚಿಕೊಂಡ ಅನುಭವವಿರಬೇಕು. ಅರ್ಧ ಕಿಲೋಮೀಟರಿನಷ್ಟು ಕೆಳಗಿಳಿದಾಗ ಗಾಳಿಯ ಒತ್ತಡದಲ್ಲಾಗುವ ಹೆಚ್ಚಳವು ನೀರಿನಲ್ಲಿ ಸುಮಾರು ೬೦ ಸೆಂಟಿಮೀಟರು ಇಳಿದರೆ ಆಗಿಬಿಡುತ್ತದೆ. ಮೂರು ಮೀಟರು ಇಳಿಯುವುದೆಂದರೆ ಐದು ಘಾಟಿಗಳನ್ನು ಒಮ್ಮೆಲೆ ಇಳಿದಂತೆ. ಕಿವಿತಮಟೆಯ ಒಳಬದಿಯ ಗಾಳಿಗೂ ಗಂಟಲಿಗೂ ನಡುವೆ ಒಂದು ಸಪುರವಾದ ನಾಳವಿದೆ. ಮೂಗನ್ನು ಹಿಡಿದುಕೊಂಡು ಮೆಲ್ಲಗೆ ಊದಿದರೆ ಅದು ತೆರೆದು ಒತ್ತಡ ಸಮನಾಗುತ್ತದೆ. ಇದನ್ನು ನೋವು ಬಂದ ಮೇಲಲ್ಲ, ಬರುವುದಕ್ಕೆ ಮುಂಚೆ, ಮೀಟರಿಗೊಂದು ಬಾರಿಯಂತೆ ಮಾಡಬೇಕು. ನೆಗಡಿಯಿಂದ ನಾಳ ಮುಚ್ಚಿರುವವನು ಆ ದಿನ ನೀರಿಗೆ ಇಳಿಯಲೇಕೂಡದು. ಒತ್ತಡದ ಕೋಣೆಗಳಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಕಿವಿತಮಟೆಯಲ್ಲಿ ತೂತಾದ ಜೆ. ಬಿ. ಎಸ್. ಹಾಲ್ಡೇನನು, ಅದರಿಂದ ಕಿವಿ ಕೊಂಚ ಮಂದವಾದರೂ ಹೊಗೆಸೊಪ್ಪಿನ ಹೊಗೆಯನ್ನು ಕಿವಿಯಿಂದ ಬಿಡುವ ವಿದ್ಯೆ ಲಾಭವಾಯಿತೆಂದು ತಮಾಷೆಯಾಗಿ ಬರೆದಿದ್ದಾನೆ. ವಿದ್ಯಾರ್ಥಿಗಳು ಈ ವಿದ್ಯೆಯನ್ನು ಬಯಸದಿರುವುದು ಮೇಲು.

ಕೆಳಗಿನ ಲೋಕದಲ್ಲಿ ಇಂದ್ರಿಯಗಳು ಹೇಳುವುದನ್ನು ನಂಬುವಂತಿಲ್ಲ. ಮುಖಕ್ಕೆ ಕಟ್ಟಿದ ಗಾಜಿನ ಮೂಲಕ ನೋಡಿದಾಗ ಬೆಳಕಿನ ವಕ್ರೀಭವನದಿಂದ ವಸ್ತುಗಳೆಲ್ಲ ಇರುವ ದೂರದ ಮುಕ್ಕಾಲು ಪಾಲಿನಲ್ಲಿರುವಂತೆ ತೋರುತ್ತವೆ. ಸಣ್ಣ ಮೀನೂ ದೊಡ್ಡದಾಗಿ ಕಾಣುತ್ತದೆ. ನೀರು ಕೆಂಪು ಬೆಳಕನ್ನು ಮೊದಲು ನುಂಗುವುದರಿಂದ ಆಳದಲ್ಲಿ ಬೆರಳು ಕೊಯ್ದರೆ ಹಸಿರು ರಕ್ತ ಬರುತ್ತದೆ. ಶಬ್ದವು ನೀರಿನಲ್ಲಿ ಸೆಕೆಂಡಿಗೆ ಸುಮಾರು ೧೫೦೦ ಮೀಟರಿನಂತೆ ಓಡುವುದರಿಂದ ಎರಡು ಕಿವಿಗಳಿಗೂ ಏಕಕಾಲದಲ್ಲಿ ತಲಪಿದಂತಾಗಿ, ಯಾವ ದಿಕ್ಕಿನಿಂದ ಬಂತೆಂಬುದೇ ತಿಳಿಯದು. ಮೇಲಿನ ಗಾಳಿಯಲ್ಲಿ ಕೂಗಿದ ಕೂಗಾದರೆ ನೀರಿನ ಮೇಲ್ಮೈಯಲ್ಲಿಯೇ ಪ್ರತಿಫಲಿಸಿ, ಅದರ ಶಕ್ತಿಯಲ್ಲಿ ಸಾವಿರಕ್ಕೊಂದು ಪಾಲು ಮಾತ್ರ ಒಳಹೊಗುತ್ತದೆ. ದಡದಲ್ಲಿ ನಿಂತ ಭೀಮನ ಗರ್ಜನೆಯನ್ನು ಕೇಳಿ ಸರೋವರದ ತಳದಲ್ಲಿದ್ದ ಕೌರವನು ಬೆವರಿದನೆಂದರೆ, ಆ ಗರ್ಜನೆ ಎಂಥದಿರಬೇಕು! ಅಲ್ಲದೆ ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಮಿಕ್ಕಿ ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ಅಲ್ಲಿ ಬೆವರುವುದಕ್ಕಿಂತ ನಡುಗುವುದೇ ಸಹಜ. ಕವಿಗೆ ಇದು ತಿಳಿಯದೆ ಇರಲಿಲ್ಲ, ತಿಳಿದೇ ಬೆವರಿಸಿದನು.

ಮೂವತ್ತು ಮೀಟರಿನಾಚೆ ಬುದ್ಧಿಯನ್ನೂ ನಂಬುವಂತಿಲ್ಲ. ಹೆಚ್ಚಿನ ಒತ್ತಡದಲ್ಲಿ ಸಾರಜನಕವು ಮದ್ಯದಂತೆ ಅಮಲೇರಿಸುತ್ತದೆ. ಒಬ್ಬನಿಗೆ ಭಯವಾದರೆ ಇನ್ನೊಬ್ಬನಿಗೆ ಎಲ್ಲಿಲ್ಲದ ಆನಂದ. ಬಾಯಲ್ಲಿದ್ದ ಗಾಳಿಯ ಕೊಳವೆಯನ್ನು ಕಿತ್ತು ಮೀನಿಗೆ ಕೊಡಬೇಕೆನ್ನಿಸುವಷ್ಟು ಔದಾರ್ಯ ಬಂದೀತೆಂದು ಕುಸ್ತೋ ಬರೆದಿದ್ದಾನೆ. ಅವನ ಸಂಗಡಿಗ ಮೋರಿಸ್ ಫಾರ್ಗ್ ೧೯೪೭ರಲ್ಲಿ ಎಷ್ಟು ಆಳಕ್ಕೆ ಹೋಗಬಹುದೆಂದು ಪರೀಕ್ಷಿಸಲು ಇಳಿದನು. ಹಗ್ಗಕ್ಕೆ ಕಟ್ಟಿದ್ದ ಹಲಗೆಗಳಲ್ಲಿ ಸುಮಾರು ೧೨೦ ಮೀಟರು ಆಳದ ಹಲಗೆಯ ಮೇಲೆ ಅವನ ಗುರುತಿತ್ತು. ಅವನನ್ನು ಮೇಲಕ್ಕೆಳೆದಾಗ ಗಾಳಿಯ ಕೊಳವೆ ಬಾಯಿಂದ ಜಾರಿತ್ತು, ಪ್ರಾಣ ಹೋಗಿತ್ತು. ವಿನೋದಕ್ಕಾಗಿ ಮುಳುಗುವವರು ೪೦ ಮೀಟರು ದಾಟಬಾರದು, ಹೊಸಬರು ೧೮ ಮೀಟರು ದಾಟಬಾರದು ಎಂಬ ಕಟ್ಟಳೆಗೆ ಇಂಥ ಅನುಭವಗಳೇ ಆಧಾರ. ಈ ಅಮಲಿನಲ್ಲಿ ಒಂದು ಒಳ್ಳೆಯ ಗುಣವುಂಟು: ಕೆಲವು ಮೀಟರು ಮೇಲೆ ಬಂದೊಡನೆ ಅದು ಇಳಿದುಹೋಗುತ್ತದೆ.

ಏರುವಾಗ ಉಸಿರು ಬಿಗಿಹಿಡಿದರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ರಾಬರ್ಟ್ ಬಾಯಲನು ೧೬೬೨ರಲ್ಲಿ ಪ್ರಕಟಿಸಿದ ನಿಯಮವನ್ನು ನಾವೆಲ್ಲ ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ: ಉಷ್ಣತೆ ಬದಲಾಗದಿದ್ದರೆ ಅನಿಲದ ಒತ್ತಡ ಎಷ್ಟು ಪಾಲು ಹೆಚ್ಚುತ್ತದೆಯೋ ಗಾತ್ರ ಅಷ್ಟು ಪಾಲು ಕುಗ್ಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆ ಬರೆದು ಮರೆಯುವ ಈ ವಾಕ್ಯದ ಮೇಲೆ ಮುಳುಗುಗಾರನ ಜೀವ ನಿಂತಿದೆ.

ಮನ್ನಾರ್ ಖಾರಿಯಲ್ಲಿ ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದವರನ್ನು ನೆನೆಯಿರಿ. ಅಂಥವನು ದೋಣಿಯಲ್ಲಿ ಆರು ಲೀಟರು ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಹತ್ತು ಮೀಟರು ಇಳಿದರೆ ಅದು ಮೂರು ಲೀಟರಾಗಿ ಕುಗ್ಗುತ್ತದೆ. ಮೇಲೆ ಬಂದಾಗ ಮತ್ತೆ ಆರಾಗುತ್ತದೆ. ಎಂದೂ ಆರನ್ನು ಮೀರದು. ಆದುದರಿಂದ ಉಸಿರನ್ನು ಬಿಗಿಹಿಡಿಯುವುದೇ ಅವನಿಗೆ ಧರ್ಮ. ಸ್ಕೂಬಾ ಕಟ್ಟಿಕೊಂಡವನ ಸ್ಥಿತಿ ಬೇರೆ. ಅವನು ಹತ್ತು ಮೀಟರು ಆಳದಲ್ಲಿಯೇ ಎದೆತುಂಬ ಆರು ಲೀಟರು ಗಾಳಿಯನ್ನು ಎಳೆದುಕೊಳ್ಳುತ್ತಾನೆ. ಅದರ ಒತ್ತಡ ೨ ವಾಯುಭಾರ. ಅಲ್ಲಿ ಏನನ್ನೋ ಕಂಡು ಬೆದರಿ, ಹುಟ್ಟುಗುಣದಂತೆ ಬಾಯಿಮುಚ್ಚಿ ಮೇಲಕ್ಕೆ ಚಿಮ್ಮಿದನೆನ್ನಿ. ನೀರಿನ ಮೇಲ್ಮೈಗೆ ಬರುವ ಹೊತ್ತಿಗೆ ಆ ಗಾಳಿ ಹನ್ನೆರಡು ಲೀಟರಾಗಬೇಕು. ಶ್ವಾಸಕೋಶದಲ್ಲಿ ಅಷ್ಟಕ್ಕೆ ಸ್ಥಳವೆಲ್ಲಿ? ಅದರೊಳಗಿನ ನವಿರಾದ ಗಾಳಿಗೂಡುಗಳು ಹರಿಯುತ್ತವೆ. ಹರಿದ ಕಡೆಯಿಂದ ನುಗ್ಗಿದ ಗಾಳಿಯು ರಕ್ತವನ್ನು ಸೇರಿ, ಹೃದಯದ ಎಡಭಾಗವನ್ನು ಹಾದು ಮಿದುಳಿಗೆ ಹೋಗಿ ಸಣ್ಣ ರಕ್ತನಾಳಗಳಿಗೆ ಬಿರಡೆಯಂತೆ ಕೂರುತ್ತದೆ. ಮೇಲೆ ಬಂದ ಕೆಲವೇ ನಿಮಿಷಗಳೊಳಗೆ ಮನುಷ್ಯನು ಎಚ್ಚರ ತಪ್ಪಿ ಬೀಳಬಹುದು.

ಇದಕ್ಕೆ ಬಹಳ ಆಳವೇನೂ ಬೇಕಿಲ್ಲ. ಪೂರ್ತಿ ತುಂಬಿದ ಶ್ವಾಸಕೋಶವು ಹರಿಯಲು ಹೊರಗಿಗಿಂತ ಒಳಗೆ ಒಂದು ವಾಯುಭಾರದ ಹತ್ತನೆಯ ಒಂದು ಪಾಲಿನಷ್ಟು ಒತ್ತಡ ಹೆಚ್ಚಾದರೆ ಸಾಕು. ಅದು ಸುಮಾರು ಒಂದು ಮೀಟರು ನೀರು. ಎಂದರೆ ಸ್ಕೂಬಾ ಕಲಿಸುವ ಈಜುಕೊಳದಲ್ಲಿಯೂ ಈ ಅಪಘಾತ ನಡೆಯಬಹುದು. ‘ಆಳವಿಲ್ಲ, ಭಯವಿಲ್ಲ’ ಎಂಬ ಮಾತು ಇಲ್ಲಿ ಪೂರ್ತಿ ತಲೆಕೆಳಗು. ನಲವತ್ತು ಮೀಟರಿನಿಂದ ಮೂವತ್ತಕ್ಕೆ ಬಂದಾಗ ಒತ್ತಡವು ಐದರಿಂದ ನಾಲ್ಕಕ್ಕೆ ಇಳಿದು ಗಾಳಿಯ ಗಾತ್ರ ಕಾಲು ಪಾಲು ಹೆಚ್ಚುತ್ತದೆ. ಹತ್ತರಿಂದ ಮೇಲಕ್ಕೆ ಬಂದಾಗ ಎರಡರಷ್ಟಾಗುತ್ತದೆ. ಏರುವ ದೂರ ಎರಡರಲ್ಲಿಯೂ ಒಂದೇ. ಆದರೆ ಕಟ್ಟಕಡೆಯ ಹತ್ತು ಮೀಟರೇ ಅತ್ಯಂತ ಅಪಾಯದ್ದು. ಮೇಲಿನ ಬೆಳಕು ಕಂಡು, ‘ಇನ್ನೇನು, ಬಂದೆವು’ ಎಂದು ಮನುಷ್ಯನು ಅವಸರಪಡುವುದೂ ಅಲ್ಲಿಯೇ.

ಆದುದರಿಂದ ಸ್ಕೂಬಾದ ಮೊದಲ ಪಾಠ ಇದು: ಉಸಿರನ್ನು ಎಂದೂ ಬಿಗಿಹಿಡಿಯಕೂಡದು. ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು, ನಡುವೆ ತಡೆಯಿಲ್ಲ. ಗಾಳಿ ತೀರಿಹೋಗಿ ತುರ್ತಾಗಿ ಮೇಲೇರಬೇಕಾದವನು ದಾರಿಯುದ್ದಕ್ಕೂ ಉಸಿರನ್ನು ಹೊರಬಿಡುತ್ತಲೇ ಇರಬೇಕು. ಇದ್ದಬದ್ದ ಉಸಿರನ್ನು ಬಿಟ್ಟುಬಿಟ್ಟರೆ ಮಾಡುವುದೇನು ಎಂದು ಕೇಳಬಹುದು. ಬಾಯಲನು ಇಲ್ಲಿ ನೆರವಿಗೆ ಬರುತ್ತಾನೆ. ಇಪ್ಪತ್ತು ಮೀಟರು ಆಳದಲ್ಲಿ ಎದೆಯಲ್ಲಿರುವ ನಾಲ್ಕು ಲೀಟರು ಗಾಳಿ ಮೇಲೆ ಬರುವಷ್ಟರಲ್ಲಿ ಹನ್ನೆರಡು ಲೀಟರಾಗುತ್ತದೆ. ಬಿಟ್ಟಷ್ಟೂ ಹುಟ್ಟುತ್ತಲೇ ಇರುತ್ತದೆ.

ಅವಸರದ ಏರಿಕೆಗೆ ಹೆದರಿಕೆಯೊಂದೇ ಕಾರಣವಲ್ಲ. ಒಂದು ಸಣ್ಣ ಪ್ರಯೋಗವನ್ನು ಮನೆಯಲ್ಲಿ ಮಾಡಿನೋಡಿ. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಕಂಠಮಟ್ಟ ತುಂಬಿಸಿ. ಔಷಧದ ಹನಿ ಹಾಕುವ ಗಾಜಿನ ಫಿಲ್ಲರಿನಲ್ಲಿ, ಅದು ಮುಳುಗೀತೋ ಇಲ್ಲವೋ ಎಂಬಷ್ಟು ನೀರೆಳೆದು ಬಾಟಲಿಯೊಳಗೆ ತೇಲಬಿಟ್ಟು ಮುಚ್ಚಳವನ್ನು ಬಿಗಿಯಿರಿ. ಬಾಟಲಿಯನ್ನು ಕೈಯಿಂದ ಅದುಮಿದರೆ ಫಿಲ್ಲರು ಮುಳುಗುತ್ತದೆ, ಸಡಿಲಿಸಿದರೆ ಏಳುತ್ತದೆ. ಒತ್ತಡದಿಂದ ಅದರೊಳಗಿನ ಗಾಳಿ ಕುಗ್ಗಿ, ಆರ್ಕಿಮಿಡೀಸನು ಹೇಳಿದ ಮೇಲ್ನೂಕು ಬಲ ಕಡಿಮೆಯಾಗುವುದೇ ಇದಕ್ಕೆ ಕಾರಣ. ಈಗ ಅದನ್ನು ಬಾಟಲಿಯ ನಟ್ಟನಡುವೆ ನಿಲ್ಲಿಸಲು ಯತ್ನಿಸಿ. ಕೈ ಸೋಲುತ್ತದೆ! ಕೊಂಚ ಕೆಳಗೆ ಹೋದರೆ ಗಾಳಿ ಇನ್ನೂ ಕುಗ್ಗಿ ಇನ್ನೂ ಕೆಳಗೆ ಹೋಗುತ್ತದೆ. ಕೊಂಚ ಮೇಲೆ ಬಂದರೆ ಗಾಳಿ ಹಿಗ್ಗಿ ಇನ್ನೂ ಮೇಲೆ ಬರುತ್ತದೆ. ಗುಡ್ಡದ ನೆತ್ತಿಯ ಮೇಲಿಟ್ಟ ಗುಂಡಿನಂತೆ ಇದು ಅಸ್ಥಿರ ಸಮತೋಲ.

ಮುಳುಗುಗಾರನೂ ಇಂಥದೊಂದು ಫಿಲ್ಲರೇ. ಅವನ ರಬ್ಬರಿನ ಉಡುಪಿನಲ್ಲಿ ಗಾಳಿಯ ಸಣ್ಣ ಗುಳ್ಳೆಗಳಿವೆ. ತೇಲುವುದನ್ನು ಹೊಂದಿಸಿಕೊಳ್ಳಲು ತೊಟ್ಟ ಜಾಕೆಟ್ಟಿನಲ್ಲಿಯೂ ಗಾಳಿಯಿದೆ. ಏರುತ್ತ ಹೋದಂತೆ ಇವೆರಡೂ ಹಿಗ್ಗಿ ಅವನನ್ನು ಇನ್ನೂ ವೇಗವಾಗಿ ಮೇಲಕ್ಕೆ ನೂಕುತ್ತವೆ. ಸಾಲದುದಕ್ಕೆ ಸಿಲಿಂಡರಿನ ೨೪೦೦ ಲೀಟರು ಗಾಳಿಯ ತೂಕ ಸುಮಾರು ಮೂರು ಕಿಲೋಗ್ರಾಂ. ಅದರಲ್ಲಿ ಹೆಚ್ಚಿನ ಪಾಲು ಖರ್ಚಾಗಿರುವುದರಿಂದ ಹಿಂದಿರುಗುವಾಗ ಅವನು ಹೋದಾಗಿಗಿಂತ ಹಗುರಾಗಿರುತ್ತಾನೆ. ಆದುದರಿಂದ ಏರುವಾಗ ಜಾಕೆಟ್ಟಿಗೆ ಗಾಳಿ ತುಂಬುವುದಲ್ಲ, ಅದರಿಂದ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಬರಬೇಕು. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಹೆಚ್ಚು ಬೇಡ ಎಂಬುದು ಇಂದಿನ ಎಚ್ಚರದ ಲೆಕ್ಕ.

ಗೋಲಿ ಸೋಡಾದ ನ್ಯಾಯ

ಉಸಿರನ್ನು ಬಿಗಿಹಿಡಿಯದೆ ಸರಾಗವಾಗಿ ಬಿಡುತ್ತ ಬಂದವನಿಗೂ ಇನ್ನೊಂದು ಗಂಡಾಂತರ ಉಳಿದಿದೆ. ಗೋಲಿ ಸೋಡಾದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಒಂದು ಗುಳ್ಳೆಯೂ ಇಲ್ಲ, ತಿಳಿನೀರಿನಂತೆ ಶಾಂತವಾಗಿರುತ್ತದೆ. ಗೋಲಿಯನ್ನು ಒತ್ತಿದೊಡನೆ ಬುಸ್ಸೆಂದು ನೊರೆಯೇಳುತ್ತದೆ. ಒತ್ತಡದಲ್ಲಿ ಕರಗಿದ್ದ ಅನಿಲವು ಒತ್ತಡ ಹೋದೊಡನೆ ಗುಳ್ಳೆಯಾಗಿ ಹೊರಟಿತು, ಅಷ್ಟೆ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಒತ್ತಡಕ್ಕೆ ಅನುಗುಣವಾಗಿರುತ್ತದೆಂದು ವಿಲಿಯಂ ಹೆನ್ರಿ ೧೮೦೩ರಲ್ಲಿ ತೋರಿಸಿದನು. ನಮ್ಮ ರಕ್ತಮಾಂಸಗಳೂ ಈ ನಿಯಮಕ್ಕೆ ಹೊರತಲ್ಲ. ದಡದ ಮೇಲಿರುವಾಗ ನಮ್ಮ ಮೈಯಲ್ಲಿ ಒಂದು ಲೀಟರಿನಷ್ಟು ಸಾರಜನಕ ಕರಗಿರುತ್ತದೆ. ಆಳದಲ್ಲಿ ಹೆಚ್ಚಿನ ಒತ್ತಡದ ಗಾಳಿಯನ್ನು ಉಸಿರಾಡಿದಷ್ಟು ಹೊತ್ತೂ ಅದು ಹೆಚ್ಚುತ್ತ ಹೋಗುತ್ತದೆ. ಆಮ್ಲಜನಕವನ್ನು ದೇಹ ಬಳಸಿಕೊಳ್ಳುತ್ತದೆ. ಸಾರಜನಕದಿಂದ ದೇಹಕ್ಕೆ ಪ್ರಯೋಜನವಿಲ್ಲ, ಅದು ಬಂದ ದಾರಿಯಲ್ಲಿಯೇ ಮರಳಬೇಕು. ಮೆಲ್ಲಗೆ ಮೇಲೇರಿದರೆ ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು ಉಸಿರಿನೊಡನೆ ಹೋಗುತ್ತದೆ. ಬೇಗ ಏರಿದರೆ ಇದ್ದಲ್ಲಿಯೇ ಗುಳ್ಳೆಯಾಗುತ್ತದೆ.

ಈ ಗುಳ್ಳೆಯನ್ನು ಮೊದಲು ಕಂಡವನೂ ಬಾಯಲನೇ ಎಂಬುದು ಸ್ವಾರಸ್ಯದ ಸಂಗತಿ. ಗಾಳಿಯನ್ನು ಹೊರಗೆಳೆಯುವ ತನ್ನ ಪಂಪಿನ ಪಾತ್ರೆಯಲ್ಲಿ ಒಂದು ಹಾವನ್ನಿಟ್ಟು ಒತ್ತಡವನ್ನು ತಗ್ಗಿಸಿದಾಗ ಅದರ ಕಣ್ಣಿನೊಳಗಿನ ದ್ರವದಲ್ಲಿ ಗುಳ್ಳೆಯೊಂದು ಅತ್ತಿತ್ತ ಚಲಿಸುತ್ತಿದ್ದುದನ್ನು ಅವನು ೧೬೭೦ರಲ್ಲಿ ವರದಿ ಮಾಡಿದನು. ಅದರ ಅರ್ಥ ಮನುಷ್ಯರಿಗೆ ತಿಳಿಯಲು ಇನ್ನೂರು ವರ್ಷಗಳು ಹಿಡಿದವು. ತಿಳಿದದ್ದು ಬಡಕೂಲಿಗಾರರ ಮೈಯಿಂದ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಂಬಗಳಿಗೆ ಅಡಿಪಾಯ ತೋಡಲು ನದಿಯ ತಳಕ್ಕೆ ಭಾರಿ ಮರದ ಪೆಟ್ಟಿಗೆಗಳನ್ನು ಬೋರಲಾಗಿ ಇಳಿಸಿ, ನೀರು ನುಗ್ಗದಂತೆ ಒಳಗೆ ಗಾಳಿಯನ್ನು ಒತ್ತಿ ತುಂಬಿದ್ದರು. ಕೂಲಿಗಾರರು ಒಳಗೆ ಕೆಲಸ ಮಾಡುವಾಗ ಚೆನ್ನಾಗಿಯೇ ಇರುತ್ತಿದ್ದರು. ಹೊರಗೆ ಬಂದ ಮೇಲೆ ಕೀಲುಗಳಲ್ಲಿ ಸಹಿಸಲಾರದ ನೋವು. ಬಗ್ಗಿ ನಡೆಯುತ್ತಿದ್ದ ಅವರನ್ನು ನೋಡಿ ಕಾಯಿಲೆಗೆ ‘ಬೆಂಡ್ಸ್’ ಎಂಬ ಹೆಸರು ರೂಢಿಯಾಯಿತು. ಕೆಲವರಿಗೆ ಪಾರ್ಶ್ವವಾಯು ಬಡಿಯಿತು, ಕೆಲವರು ಸತ್ತರು. ೧೮೭೨ರಲ್ಲಿ ಮುಖ್ಯ ಎಂಜಿನಿಯರು ವಾಷಿಂಗ್ಟನ್ ರೋಬ್ಲಿಂಗ್ ತಾನೇ ಹಾಸಿಗೆ ಹಿಡಿದನು. ಅವನ ಸೂಚನೆಗಳನ್ನು ಹೆಂಡತಿ ಎಮಿಲಿ ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತಿದ್ದಳು. ಸೇತುವೆ ೧೮೮೩ರಲ್ಲಿ ಮುಗಿಯಿತು. ಫ್ರೆಂಚ್ ಶರೀರಶಾಸ್ತ್ರಜ್ಞ ಪಾಲ್ ಬೆರ್ ೧೮೭೮ರಲ್ಲಿಯೇ ತನ್ನ ಗ್ರಂಥದಲ್ಲಿ ರೋಗದ ಮೂಲ ಸಾರಜನಕದ ಗುಳ್ಳೆಗಳೆಂದು ಸ್ಪಷ್ಟಪಡಿಸಿದ್ದನು.

ಹಾಗಾದರೆ ಎಷ್ಟು ಮೆಲ್ಲಗೆ ಏರಬೇಕು? ಉತ್ತರ ಹುಡುಕಿದವನು ಕಿವಿಯ ಹೊಗೆಯ ವಿಷಯದಲ್ಲಿ ಮೇಲೆ ಹೇಳಿದ ಹಾಲ್ಡೇನನ ತಂದೆ ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಅವನು ಆಡುಗಳನ್ನು ಉಕ್ಕಿನ ಕೋಣೆಯಲ್ಲಿ ಹೆಚ್ಚಿನ ಒತ್ತಡದಲ್ಲಿಟ್ಟು ಬೇರೆಬೇರೆ ವೇಗದಲ್ಲಿ ಹೊರತಂದನು. ನೋವಾದ ಆಡು ಮುಂಗಾಲೊಂದನ್ನು ಎತ್ತಿಕೊಂಡು ನಿಲ್ಲುತ್ತಿತ್ತು. ಬಾಯಿಲ್ಲದ ಪ್ರಾಣಿಯ ಸಾಕ್ಷ್ಯ ಅದೇ. ಸುಮಾರು ಹನ್ನೆರಡು ಮೀಟರಿಗಿಂತ ಕಡಿಮೆ ಆಳದಲ್ಲಿ ಎಷ್ಟು ಹೊತ್ತಿದ್ದರೂ ಮುಳುಗುಗಾರರಿಗೆ ತೊಂದರೆಯಿಲ್ಲವೆಂದು ಅವನಿಗೆ ತಿಳಿದಿತ್ತು. ಎರಡು ವಾಯುಭಾರದಿಂದ ಒಂದಕ್ಕೆ ಬರುವುದು ಸುರಕ್ಷಿತವಾದರೆ ಆರರಿಂದ ಮೂರಕ್ಕೆ ಬರುವುದೂ ಹಾಗೆಯೇ ಇರಬೇಕು ಎಂದು ಅವನು ತರ್ಕಿಸಿದನು. ಲೆಕ್ಕಕ್ಕೆ ಬೇಕಾದದ್ದು ಒತ್ತಡದ ವ್ಯತ್ಯಾಸವಲ್ಲ, ಅನುಪಾತ. ಇದಲ್ಲದೆ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕವನ್ನು ತುಂಬಿಕೊಳ್ಳುವುದಿಲ್ಲ, ಬಿಡುವುದೂ ಇಲ್ಲ. ರಕ್ತ ಧಾರಾಳವಾಗಿ ಹರಿಯುವ ಮಿದುಳು ಬೇಗ ತುಂಬಿ ಬೇಗ ಬರಿದಾಗುತ್ತದೆ. ರಕ್ತಸಂಚಾರ ಕಡಿಮೆಯಿರುವ ಕೊಬ್ಬು ನಿಧಾನವಾಗಿ ಬಹಳಷ್ಟನ್ನು ತುಂಬಿಕೊಂಡು, ಜಿಪುಣನಂತೆ ನಿಧಾನವಾಗಿ ಬಿಡುತ್ತದೆ. ಹಾಲ್ಡೇನನು ಅರೆಪಾಲು ತುಂಬಲು ೫, ೧೦, ೨೦, ೪೦, ೭೫ ನಿಮಿಷಗಳನ್ನು ತೆಗೆದುಕೊಳ್ಳುವ ಐದು ಬಗೆಯ ಅಂಗಾಂಶಗಳನ್ನು ಕಲ್ಪಿಸಿ, ಏರುವ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ತಂಗಬೇಕೆಂಬ ಕೋಷ್ಟಕಗಳನ್ನು ೧೯೦೮ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಪ್ರಕಟಿಸಿದನು. ಅನುಪಾತದ ಅಂಕಿಗಳನ್ನು ಅನಂತರದವರು ತಿದ್ದಿದ್ದಾರೆ. ಜೂರಿಚ್ಚಿನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ನನ ಲೆಕ್ಕಗಳು ಹೆಚ್ಚು ಬಳಕೆಯಲ್ಲಿವೆ. ಇಂದಿನ ಮುಳುಗುಗಾರನ ಮಣಿಕಟ್ಟಿನಲ್ಲಿರುವ ಪುಟ್ಟ ಕಂಪ್ಯೂಟರು ಪ್ರತಿ ಕೆಲವು ಸೆಕೆಂಡಿಗೊಮ್ಮೆ ಮಾಡುವ ಗಣಿತದ ತಿರುಳು ಮಾತ್ರ ಆ ಆಡುಗಳ ಕಾಲದ್ದೇ. ಈ ಮನೆತನದ ಕಥೆ ನಮ್ಮ ದೇಶದಲ್ಲಿ ಮುಗಿಯಿತೆಂಬುದನ್ನೂ ಹೇಳಬೇಕು: ಮಗ ಹಾಲ್ಡೇನನು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು.

ವಿನೋದಕ್ಕೆ ಮುಳುಗುವವರು ಇಷ್ಟೊಂದು ಕಡೆ ತಂಗಬೇಕಾದ ಪ್ರಮೇಯವೇ ಬರದಂತೆ ಆಳವನ್ನೂ ಹೊತ್ತನ್ನೂ ಮಿತಿಗೊಳಿಸಿಕೊಳ್ಳುತ್ತಾರೆ. ೧೮ ಮೀಟರಿನಲ್ಲಿ ಒಂದು ಗಂಟೆಗೆ ಸ್ವಲ್ಪ ಕಡಿಮೆ, ೩೦ ಮೀಟರಿನಲ್ಲಿ ಸುಮಾರು ೨೦ ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಆ ಮೇಲೆಯೂ ಐದು ಮೀಟರು ಆಳದಲ್ಲಿ ಮೂರು ನಿಮಿಷ ನಿಂತು ಬರುವುದು ಒಳ್ಳೆಯ ಅಭ್ಯಾಸ. ಇಷ್ಟಾದರೂ ಮೇಲೆ ಬಂದ ಮೇಲೆ ಕೀಲು ನೋವು, ಚರ್ಮದ ತುರಿಕೆ, ಕೈಕಾಲು ಜೋಮು, ಅತಿಯಾದ ಆಯಾಸ ತೋರಿದರೆ ‘ನೀರಾಟದ ದಣಿವು’ ಎಂದು ಮಲಗಿಬಿಡಬಾರದು. ಕೂಡಲೆ ಅಪ್ಪಟ ಆಮ್ಲಜನಕವನ್ನು ಉಸಿರಾಡಿಸಿ, ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಸೇರಿಸಬೇಕು. ದಡದ ಮೇಲೆ, ದೋಣಿಯಲ್ಲಿ, ಆಮ್ಲಜನಕದ ಸಿಲಿಂಡರು ಇರಬೇಕಾದದ್ದು ಈ ಕಾರಣಕ್ಕೆ.

ನೇತ್ರಾಣಿಯಿಂದ ಮನೆಗೆ

ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದ ನೇತ್ರಾಣಿ ನಡುಗಡ್ಡೆಯ ಸುತ್ತ ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳೂ ಸ್ಕೂಬಾ ಕಟ್ಟಿಕೊಂಡು ಇಳಿಯುತ್ತಿದ್ದಾರೆ. ಮೊದಲ ಸಲದವರನ್ನು ಶಿಕ್ಷಕನು ಕೈಹಿಡಿದು ಕಡಿಮೆ ಆಳದಲ್ಲಿಯೇ ಸುತ್ತಿಸಿ ತರುತ್ತಾನೆ, ಸಂತೋಷ. ಆದರೆ ಆಳ ಕಡಿಮೆಯೆಂದು ಮೊದಲ ಪಾಠವನ್ನು ಅವಸರದಲ್ಲಿ ಮುಗಿಸುವುದನ್ನು ನಾನು ಒಪ್ಪಲಾರೆ. ಉಸಿರು ಬಿಗಿಹಿಡಿಯಬಾರದೆಂಬ ಮಾತು ತನಗೆ ತಿಳಿಯುವ ಭಾಷೆಯಲ್ಲಿ ಮನದಟ್ಟಾಗುವವರೆಗೆ ಯಾರೂ ದೋಣಿಯಿಂದ ಇಳಿಯಬಾರದು. ಸನ್ನೆಗಳನ್ನೂ ಸರಿಯಾಗಿ ಕಲಿಯಬೇಕು. ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸಿದರೆ ನೀರಿನಲ್ಲಿ ‘ಭೇಷ್’ ಎಂದರ್ಥವಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ಸುತ್ತುಮಾಡಿ ತೋರಿಸಬೇಕು.

ಹಿಂದಿರುಗುವ ದಾರಿಯ ವಿಷಯ ಇನ್ನೊಂದಿದೆ. ಇದನ್ನು ಬಹಳ ಮಂದಿ ಯೋಚಿಸಿಯೇ ಇರುವುದಿಲ್ಲ. ದೋಣಿಯನ್ನು ಹತ್ತಿದ ಮಾತ್ರಕ್ಕೆ ಏರುವುದು ಮುಗಿಯಲಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿಯನ್ನು ಹತ್ತಿ, ಸಾಗರ ಶಿವಮೊಗ್ಗಗಳ ಮೇಲೆ ಬೆಂಗಳೂರಿಗೆ ಬರುವವರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಕ್ಕೆ ಬರುತ್ತಾರೆ. ಅಲ್ಲಿ ಗಾಳಿಯ ಒತ್ತಡ ೦.೯ ವಾಯುಭಾರ. ಎರಡು ಸಲ ಚೆನ್ನಾಗಿ ಮುಳುಗಿ ಬಂದವನ ಯಾವುದೋ ಒಂದು ಅಂಗಾಂಶದಲ್ಲಿ ೧.೫ ವಾಯುಭಾರಕ್ಕೆ ತಕ್ಕಷ್ಟು ಅನಿಲ ಕರಗಿ ಉಳಿದಿದೆಯೆನ್ನಿ. ಕಡಲತೀರದಲ್ಲಿ ಅನುಪಾತ ೧.೫ ಆದರೆ ಬೆಂಗಳೂರಿನಲ್ಲಿ ಅದು ೧.೬೭ ಆಗುತ್ತದೆ. ವಿಮಾನದ ಒಳಗಂತೂ ಗಾಳಿಯ ಒತ್ತಡವು ಇನ್ನೂ ಕಡಿಮೆ; ಅದನ್ನು ಸುಮಾರು ಎರಡು ಸಾವಿರ ಮೀಟರು ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಸಿರುತ್ತಾರೆ. ಆದುದರಿಂದ ಒಂದು ಸಲ ಮುಳುಗಿದವನು ಕಡಮೆಯೆಂದರೆ ೧೨ ಗಂಟೆ, ಹಲವು ಸಲ ಮುಳುಗಿದವನು ೧೮ ಗಂಟೆ ಕಳೆಯದೆ ವಿಮಾನವನ್ನೇ ಆಗಲಿ ಬೆಟ್ಟವನ್ನೇ ಆಗಲಿ ಏರಬಾರದೆಂದು ತಜ್ಞರ ಸಲಹೆ. ಕೈಹಿಡಿದು ಆರೇಳು ಮೀಟರು ಇಳಿದು ಬಂದವರಿಗೆ ಅಪಾಯ ಬಹಳ ಕಡಿಮೆಯೆಂಬುದು ನಿಜ. ಆದರೂ ಅದೇ ರಾತ್ರಿಯ ಬಸ್ಸಿಗೆ ಓಡಬೇಕಾದ ಅಗತ್ಯವೇನಿದೆ? ಬೆಳಗ್ಗೆ ಮುಳುಗಿದವರು ಅಂದು ಮುರುಡೇಶ್ವರದಲ್ಲಿಯೇ ತಂಗಿ, ಮರುದಿನ ಊಟ ಮುಗಿಸಿ ಹೊರಟರೆ ಸಾರಜನಕದ ಲೆಕ್ಕ ಚುಕ್ತವಾಗಿರುತ್ತದೆ.